ಸೊಪ್ಪು ಬಿಡಿಸಿದ ಮಾತ್ರೆ: ವಿಸ್ಕಾನ್ಸಿನ್ ಹಸುವಿನಿಂದ ತೆರಕಣಾಂಬಿ ಉಪ್ಸಾರಿನವರೆಗೆ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ತೆರಕಣಾಂಬಿ ಸಿಗುತ್ತದೆ. ಹೊರಗಿನವರಿಗೆ ಅದು ಹಳೇ ಕೋಟೆ ಊರು, ವರದರಾಜಸ್ವಾಮಿ ಗುಡಿ ಇರುವ ಊರು. ನಮ್ಮ ಕಡೆಯ ರೈತರಿಗೆ ಅದು ತರಕಾರಿ ಮಾರುಕಟ್ಟೆ. ಕೋಸು, ಬೀನ್ಸ್, ಬೀಟ್‌ರೂಟ್, ನುಗ್ಗೆ, ಸಾಂಬಾರ್ ಈರುಳ್ಳಿ, ಬೆಳ್ಳುಳ್ಳಿ ಎಲ್ಲವೂ ಇಲ್ಲಿಂದ ಲಾರಿ ಹತ್ತಿ ಕೇರಳಕ್ಕೆ, ತಮಿಳುನಾಡಿಗೆ ಹೋಗುತ್ತವೆ. ಅರಿಶಿನ ಮಾತ್ರ ಬೆಂದು, ಒಣಗಿ, ಪಾಲಿಶ್ ಆಗಿ ಈರೋಡಿನ ದಾರಿ ಹಿಡಿಯುತ್ತದೆ.

ರಕ್ತ ಹೆಪ್ಪುಗಟ್ಟಲು ಮನುಷ್ಯನ ಮೈಗೆ ಬೇಕಾದ ಒಂದು ವಸ್ತು ಈ ಲಾರಿಗಳಲ್ಲಿದೆ. ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುವ ವಸ್ತುಗಳೂ ಅದೇ ಲಾರಿಗಳಲ್ಲಿವೆ. ಕೋಸು ಮತ್ತು ಸೊಪ್ಪು ಒಂದು ಕಡೆಗೆ ಎಳೆದರೆ, ಬೆಳ್ಳುಳ್ಳಿ, ಈರುಳ್ಳಿ, ಅರಿಶಿನ ಇನ್ನೊಂದು ಕಡೆಗೆ ಎಳೆಯುತ್ತವೆ. ಆರೋಗ್ಯವಾಗಿರುವವರು ಇದನ್ನು ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಆದರೆ ಹೃದಯದ ವಾಲ್ವ್ ಆಪರೇಷನ್ ಆಗಿ 'ರಕ್ತ ತೆಳುವಾಗುವ ಮಾತ್ರೆ' ನುಂಗುವವರು ನಮ್ಮ ಹಳ್ಳಿಗಳಲ್ಲಿ ಕಮ್ಮಿ ಇಲ್ಲ. ಅವರಲ್ಲಿ ಎಷ್ಟೋ ಜನ ಸೊಪ್ಪನ್ನೇ ಬಿಟ್ಟಿದ್ದಾರೆ. ಬಸ್ ಸ್ಟಾಂಡಿನಲ್ಲಿ ಮಾತಿಗೆ ಸಿಕ್ಕ ಅಜ್ಜಿಯೊಬ್ಬರು ಹೇಳಿದ್ದು: "ಸೊಪ್ಪ ಬುಟ್ಟು ನಾಕ್ ವರ್ಸ ಆಯ್ತು ಕನಪ್ಪ. ಉಪ್ಸಾರ್ ಇಲ್ದೆ ಮುದ್ದೆ ಗಂಟ್ಲಲ್ ಇಳ್ಯಕಿಲ್ಲ. ಏನ್ ಮಾಡದು, ಮಾತ್ರೆ ತಕೊಳೋರು ತಿನ್ಬಾರ್ದಂತೆ."

ಈ 'ತಿನ್ಬಾರ್ದಂತೆ' ಎಲ್ಲಿಂದ ಬಂತು, ಅದು ಎಷ್ಟು ಸರಿ ಎಂದು ಹುಡುಕುತ್ತಾ ಹೋದರೆ ನೂರು ವರ್ಷ ಹಿಂದಿನ ದನದ ಕೊಟ್ಟಿಗೆಗೆ ಹೋಗಿ ನಿಲ್ಲುತ್ತೇವೆ. ಅದಕ್ಕೂ ಮುಂಚೆ, ರಕ್ತ ಹೆಪ್ಪುಗಟ್ಟುವುದು ಹೇಗೆ ಅನ್ನುವುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ.

ಕೆರೆ ಏರಿ ಒಡೆದರೆ ಏನು ಮಾಡುತ್ತೇವೆ? ಮೊದಲು ಕೈಗೆ ಸಿಕ್ಕ ಕಲ್ಲು, ಮರಳಿನ ಮೂಟೆ ತಂದು ಬಿರುಕಿಗೆ ತುಂಬುತ್ತೇವೆ. ಆಮೇಲೆ ಸೊಪ್ಪುಸದೆ, ಮಣ್ಣು ಹಾಕಿ ಅದು ಕೊಚ್ಚಿಹೋಗದ ಹಾಗೆ ಕಟ್ಟುತ್ತೇವೆ. ರಕ್ತನಾಳ ಕತ್ತರಿಸಿದಾಗಲೂ ಹೀಗೇ ಎರಡು ಕೆಲಸ ನಡೆಯುತ್ತದೆ. ಮೊದಲು ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಓಡಿಬಂದು ಗಾಯದ ಬಾಯಿಗೆ ಅಂಟಿಕೊಳ್ಳುತ್ತವೆ. ಅವು ಮೂಟೆಗಳು. ಆಮೇಲೆ ಫೈಬ್ರಿನ್ ಎಂಬ ಎಳೆಗಳು ಬಲೆಯ ಹಾಗೆ ಹೆಣೆದುಕೊಂಡು ಅವನ್ನು ಬಿಗಿಯುತ್ತವೆ. ಬೆಳ್ಳುಳ್ಳಿ, ಅರಿಶಿನ ಮುಖ್ಯವಾಗಿ ಮೂಟೆಗಳ ಕೆಲಸಕ್ಕೆ ಕೈ ಹಾಕುತ್ತವೆ. ಸೊಪ್ಪಿನ ಸಂಬಂಧ ಬಲೆಯ ಜೊತೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ವಾಟ್ಸಾಪ್‌ನಲ್ಲಿ ಅರ್ಧ ಗೊಂದಲ ಹುಟ್ಟುವುದು.

ಈಗ ಕೊಟ್ಟಿಗೆಯ ಕತೆ.

1920ರ ಆಸುಪಾಸು. ಕೆನಡಾದಲ್ಲಿ, ಅಮೆರಿಕದ ಉತ್ತರದ ಬಯಲುಗಳಲ್ಲಿ ರೈತರು ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡ ಬೆಳೆಯಲು ಶುರುಮಾಡಿದ್ದರು. ಅದು ನಮ್ಮ ಮೆಂತ್ಯ, ಕುದುರೆ ಮೆಂತ್ಯದ ಬಳಗದ್ದೇ. ಬಡ ಮಣ್ಣಲ್ಲೂ ಬರುತ್ತದೆ, ದನ ಇಷ್ಟಪಟ್ಟು ತಿನ್ನುತ್ತದೆ, ಕೊಯ್ದರೆ ಘಮ್ಮೆನ್ನುತ್ತದೆ. ಆ ಘಮಕ್ಕೆ ಕಾರಣ ಕೌಮರಿನ್ ಎಂಬ ವಸ್ತು. ಕೆಲವು ವರ್ಷ ಮಳೆ ಹೆಚ್ಚಾಗಿ ಮೆದೆಯಲ್ಲಿದ್ದ ಹುಲ್ಲು ಬೂಷ್ಟು ಹಿಡಿಯಿತು. ಕೈಯಲ್ಲಿ ಕಾಸಿಲ್ಲದ ರೈತರು ಅದನ್ನು ಎಸೆಯದೆ ದನಕ್ಕೆ ಹಾಕಿದರು. ಆಗ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ ರಕ್ತ ನಿಲ್ಲುತ್ತಿರಲಿಲ್ಲ. ಹೋರಿಗೆ ಬೀಜ ಒಡೆದರೆ ಬೆಳಗಾಗುವಷ್ಟರಲ್ಲಿ ಸತ್ತಿರುತ್ತಿತ್ತು. ಗಾಯವೇ ಇಲ್ಲದ ಹಸುಗಳೂ ಮೈಯೊಳಗೇ ರಕ್ತ ಸೋರಿ ಬಿದ್ದುಹೋಗುತ್ತಿದ್ದವು.

ರೋಗಾಣು ಇರಬೇಕು ಎಂದು ಹಲವರು ಅಂದುಕೊಂಡರು. ಕೆನಡಾದ ಒಂಟಾರಿಯೊ ಪಶುವೈದ್ಯ ಕಾಲೇಜಿನ ಫ್ರ್ಯಾಂಕ್ ಸ್ಕೋಫೀಲ್ಡ್ ಒಪ್ಪಲಿಲ್ಲ. (ಈತ 1919ರಲ್ಲಿ ಕೊರಿಯಾದಲ್ಲಿದ್ದು ಅಲ್ಲಿನ ಸ್ವಾತಂತ್ರ್ಯ ಚಳವಳಿಗೆ ನೆರವಾದವನು. ಕೊರಿಯನ್ನರು ಇವತ್ತಿಗೂ ನೆನೆಯುತ್ತಾರೆ. ಆದರೆ ಆ ಕತೆ ಬೇರೆ.) ಸ್ಕೋಫೀಲ್ಡ್ ಮಾಡಿದ ಪ್ರಯೋಗ ನಾವೂ ನೀವೂ ಮಾಡಬಹುದಾದಷ್ಟು ಸರಳ. ಒಂದೇ ಮೆದೆಯಿಂದ ಚೆನ್ನಾಗಿರುವ ಕಡ್ಡಿ ಬೇರೆ, ಬೂಷ್ಟು ಹಿಡಿದ ಕಡ್ಡಿ ಬೇರೆ ಆರಿಸಿ ಮೊಲಗಳಿಗೆ ತಿನ್ನಿಸಿದ. ಒಳ್ಳೆ ಕಡ್ಡಿ ತಿಂದ ಮೊಲ ಬದುಕಿತು, ಬೂಷ್ಟಿನ ಕಡ್ಡಿ ತಿಂದದ್ದು ರಕ್ತ ಸೋರಿ ಸತ್ತಿತು. ಇದನ್ನು ಅವನು 1922ರಲ್ಲಿ ಪ್ರಕಟಿಸಿದ. ಗಿಡದಲ್ಲಿ ದೋಷವಿರಲಿಲ್ಲ, ಕೆಟ್ಟುಹೋದ ಗಿಡದಲ್ಲಿತ್ತು. ಮುಂದೆ ಉತ್ತರ ಡಕೋಟಾದ ಪಶುವೈದ್ಯ ಲೀ ರಾಡರಿಕ್, ಈ ದನಗಳ ರಕ್ತದಲ್ಲಿ ಪ್ರೋತ್ರಾಂಬಿನ್ ಎಂಬ ಅಂಶ ಕುಸಿದಿರುತ್ತದೆ ಎಂದು ತೋರಿಸಿದ. ಫೈಬ್ರಿನ್ ಬಲೆ ಹೆಣೆಯಲು ಬೇಕಾಗಿದ್ದೇ ಅದು.

ಆದರೆ ರೈತ ಹುಲ್ಲು ಎಸೆಯಬೇಕಲ್ಲ? 1930ರ ದಶಕ ಅಮೆರಿಕಕ್ಕೆ ಮಹಾ ಬಡತನದ ಕಾಲ. 1933ರ ಫೆಬ್ರವರಿಯ ಒಂದು ಶನಿವಾರ, ವಿಸ್ಕಾನ್ಸಿನ್ ರಾಜ್ಯದ ಎಡ್ ಕಾರ್ಲ್‌ಸನ್ ಎಂಬ ರೈತ ಹಿಮ ಸುರಿಯುತ್ತಿದ್ದಾಗಲೇ ತನ್ನ ಟ್ರಕ್ ತೆಗೆದ. ಹಿಂದೆ ಸತ್ತ ಒಂದು ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಸುಮಾರು 45 ಕಿಲೋ ಕೆಟ್ಟ ಹುಲ್ಲು. 300 ಕಿಲೋಮೀಟರ್ ದಾರಿ, ಅಂದರೆ ತೆರಕಣಾಂಬಿಯಿಂದ ಬೆಂಗಳೂರಿಗಿಂತಲೂ ದೂರ. ಮ್ಯಾಡಿಸನ್ ನಗರ ತಲುಪಿದಾಗ ಪಶುವೈದ್ಯರ ಕಚೇರಿ ಬಾಗಿಲು ಹಾಕಿತ್ತು. ತಾಲ್ಲೂಕು ಕಚೇರಿಗೆ ಹೋಗಿ ರಜೆ ಎಂದು ತಿಳಿದು ವಾಪಸ್ ಬಂದವರಿಗೆ ಆ ಹೊತ್ತಿನ ಅವನ ಮುಖ ಹೇಗಿತ್ತೆಂದು ಹೇಳಬೇಕಾಗಿಲ್ಲ. ಸುತ್ತಾಡುತ್ತಾ ಅವನು ವಿಶ್ವವಿದ್ಯಾಲಯದಲ್ಲಿ ಬಾಗಿಲು ತೆರೆದಿದ್ದ ಒಂದು ಪ್ರಯೋಗಾಲಯಕ್ಕೆ ನುಗ್ಗಿದ. ಅದು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿಯದು.

ಲಿಂಕ್ ಕೈಯಲ್ಲಿ ಅವತ್ತು ಔಷಧ ಇರಲಿಲ್ಲ. ಆ ಹುಲ್ಲು ಹಾಕಬೇಡ ಎಂದಷ್ಟೇ ಹೇಳಿ ಕಳಿಸಬೇಕಾಯಿತು. ರೈತ ಹೋದ ಮೇಲೆ ಲಿಂಕ್‌ನ ಶಿಷ್ಯ ಶೋಫೆಲ್ ಆ ಹಾಲಿನ ಕ್ಯಾನಿಗೆ ಕೈ ಅದ್ದಿ ಅದ್ದಿ ನೋಡುತ್ತಾ, ಈ ರಕ್ತದಲ್ಲಿ ಏನಿದೆ ಎಂದು ಕನವರಿಸುತ್ತಿದ್ದನಂತೆ. ಉತ್ತರ ಸಿಗಲು 6 ವರ್ಷ ಹಿಡಿಯಿತು. 1939ರ ಜೂನ್‌ನಲ್ಲಿ ಲಿಂಕ್‌ನ ಜೊತೆಗಾರ ಕ್ಯಾಂಬೆಲ್ ಸೂಕ್ಷ್ಮದರ್ಶಕದ ಕೆಳಗೆ ಹರಳುಗಳನ್ನು ಕಂಡ. ಡೈಕೌಮರಾಲ್ ಎಂದು ಅದಕ್ಕೆ ಹೆಸರಾಯಿತು. ಗಿಡದ ಕೌಮರಿನ್ ಬೂಷ್ಟಿನ ಕೈಗೆ ಸಿಕ್ಕು ಡೈಕೌಮರಾಲ್ ಆಗುತ್ತಿತ್ತು.

ಇಲ್ಲೊಂದು ಮಾತು. 'ಚಕ್ಕೆಯಲ್ಲಿ ಕೌಮರಿನ್ ಇದೆ, ರಕ್ತ ತೆಳು ಮಾಡುತ್ತದೆ' ಎಂಬ ಮೆಸೇಜು ಓಡಾಡುತ್ತಿರುತ್ತದೆ. ಚಕ್ಕೆಯ ಒಂದು ಜಾತಿಯಲ್ಲಿ ಕೌಮರಿನ್ ಇರುವುದು ನಿಜ, ಅತಿಯಾದರೆ ಕೆಲವರ ಲಿವರ್‌ಗೆ ತೊಂದರೆ ಕೊಡುವುದೂ ನಿಜ. ಆದರೆ ಕೌಮರಿನ್ ತಾನಾಗಿಯೇ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದಿಲ್ಲ. ತಡೆಯುವುದು ಅದರಿಂದ ಹುಟ್ಟುವ ಬೇರೆ ವಸ್ತು. ಹಾಲಿಗೂ ಮೊಸರಿಗೂ ಇರುವಂಥ ವ್ಯತ್ಯಾಸ.

ಲಿಂಕ್ ಹಸುವಿನ ಹಿಂದೆ ಬಿದ್ದಿದ್ದಾಗ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹೆನ್ರಿಕ್ ಡಾಮ್ ಕೋಳಿಮರಿಗಳ ಹಿಂದೆ ಬಿದ್ದಿದ್ದ. 1929ರಲ್ಲಿ, ಕೊಬ್ಬಿಲ್ಲದ ಆಹಾರ ಕೊಟ್ಟ ಮರಿಗಳ ಚರ್ಮದಡಿ ರಕ್ತ ಸೋರುವುದನ್ನು ಅವನು ಗಮನಿಸಿದ. ಹಸಿರು ಸೊಪ್ಪು ತಿನ್ನಿಸಿದರೆ ಸರಿಹೋಗುತ್ತಿತ್ತು. ಅದರಲ್ಲಿದ್ದ ವಸ್ತುವಿಗೆ 1935ರಲ್ಲಿ ವಿಟಮಿನ್ ಕೆ ಎಂದು ಹೆಸರಿಟ್ಟ. ಅವರ ಭಾಷೆಯಲ್ಲಿ ಹೆಪ್ಪುಗಟ್ಟುವುದಕ್ಕೆ ಇರುವ ಪದದ ಮೊದಲ ಅಕ್ಷರ ಅದು. ಅಮೆರಿಕದ ಎಡ್ವರ್ಡ್ ಡೊಯ್ಸಿ ಅದನ್ನು ಕುದುರೆ ಮೆಂತ್ಯದಿಂದ ಶುದ್ಧವಾಗಿ ಬೇರ್ಪಡಿಸಿದ. ನಮ್ಮ ಹಾಲಿನ ಡೈರಿಯವರು ಹಸುವಿಗೆ ಹಾಕುತ್ತಾರಲ್ಲ, ಅದೇ ಕುದುರೆ ಮೆಂತ್ಯ. 1943ರ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು.

ಈ ವಿಟಮಿನ್ ಕೆ ಜೊತೆ ನಮಗೆಲ್ಲ ಮೊದಲ ದಿನವೇ ನಂಟು. ಹೆರಿಗೆ ಆಸ್ಪತ್ರೆಯಲ್ಲಿ ಕೂಸು ಹುಟ್ಟಿದ ಕೂಡಲೇ ತೊಡೆಗೆ ಒಂದು ಸೂಜಿ ಹಾಕುತ್ತಾರೆ. 'ಅಷ್ಟು ಎಳೆಗೂಸಿಗೆ ಅದ್ಯಾಕೆ ಸೂಜಿ' ಎಂದು ಅಜ್ಜಿಯರು ಗೊಣಗುವುದನ್ನು ಕೇಳಿದ್ದೇವೆ. ಅದು 1 ಮಿಲಿಗ್ರಾಂ ವಿಟಮಿನ್ ಕೆ. ಕೂಸು ಹುಟ್ಟುವಾಗ ಅದರ ಮೈಯಲ್ಲಿ ಇದರ ದಾಸ್ತಾನು ತೀರಾ ಕಮ್ಮಿ, ತಾಯಿ ಹಾಲಿನಲ್ಲೂ ಸ್ವಲ್ಪವೇ ಇರುತ್ತದೆ. ಸೂಜಿ ಹಾಕದಿದ್ದರೆ ಕೆಲವು ಕೂಸುಗಳಿಗೆ ಮಿದುಳಿನೊಳಗೇ ರಕ್ತಸ್ರಾವ ಆಗಬಹುದು.

ಹಸುವಿನ ಕತೆಯೂ ಕೋಳಿಯ ಕತೆಯೂ ಕೂಡುವುದು ಲಿವರ್‌ನಲ್ಲಿ. ಬಲೆ ಹೆಣೆಯುವ 4 ಮುಖ್ಯ ಅಂಶಗಳನ್ನು ಲಿವರ್ ತಯಾರಿಸುತ್ತದೆ, ವಿಟಮಿನ್ ಕೆ ಇಲ್ಲದಿದ್ದರೆ ಅವು ತಯಾರಾದರೂ ಕೆಲಸಕ್ಕೆ ಬರುವುದಿಲ್ಲ. ಮೈ ಈ ವಿಟಮಿನ್ ಅನ್ನು ಒಂದು ಸಲ ಬಳಸಿ ಬಿಸಾಡುವುದಿಲ್ಲ, ತಿರುಗಿ ತಿರುಗಿ ಬಳಸುತ್ತದೆ. ಡೈಕೌಮರಾಲ್ ಮಾಡುವುದು ಇಷ್ಟೇ: ಆ ತಿರುಗಣೆಯನ್ನು ನಿಲ್ಲಿಸುತ್ತದೆ. ರಕ್ತ ನೀರಿನ ಹಾಗೆ ತೆಳುವಾಗುವುದಿಲ್ಲ, 'ತೆಳುವಾಗುವ ಮಾತ್ರೆ' ಅನ್ನುವುದು ಬಾಯಿಮಾತು. ಹೆಪ್ಪುಗಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ.

1945ರಲ್ಲಿ ಲಿಂಕ್ ಕ್ಷಯ ಹಿಡಿದು ಆಸ್ಪತ್ರೆಯಲ್ಲಿ ಮಲಗಿದ್ದ. ಹಸುವನ್ನು ಕೊಲ್ಲುವುದು ಇಲಿಯನ್ನೂ ಕೊಲ್ಲಬೇಕಲ್ಲ ಎಂದು ಹೊಳೆದದ್ದು ಅಲ್ಲಿ. ಡೈಕೌಮರಾಲ್‌ನ ಇನ್ನಷ್ಟು ಬಲವಾದ ತಮ್ಮನೊಬ್ಬನನ್ನು ಆರಿಸಿ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಿಟ್ಟರು. ಹೆಸರು ವಾರ್ಫರಿನ್. ಸಂಶೋಧನೆಗೆ ದುಡ್ಡು ಕೊಟ್ಟ ವಿಸ್ಕಾನ್ಸಿನ್ ಹಳೇ ವಿದ್ಯಾರ್ಥಿಗಳ ಪ್ರತಿಷ್ಠಾನದ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು. 1951ರಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ್ದ ಯುವಕನೊಬ್ಬ ಸಾಯಬೇಕೆಂದು ಈ ಪಾಷಾಣವನ್ನು ದಿನಗಟ್ಟಲೆ ನುಂಗಿದ. ಒಟ್ಟು 567 ಮಿಲಿಗ್ರಾಂ. ವಿಟಮಿನ್ ಕೆ ಮತ್ತು ರಕ್ತ ಕೊಟ್ಟಾಗ ಪೂರ್ತಿ ಚೇತರಿಸಿಕೊಂಡ. ಇದು ಮನುಷ್ಯರಿಗೂ ಔಷಧವಾಗಬಲ್ಲದು, ಹೆಚ್ಚಾದರೆ ಹಿಂದಕ್ಕೆ ಎಳೆಯಲು ಕೀಲಿಯೂ ಇದೆ ಎಂದು ಡಾಕ್ಟರುಗಳಿಗೆ ಧೈರ್ಯ ಬಂತು. 1954ರಲ್ಲಿ ಅನುಮತಿ ಸಿಕ್ಕಿತು. ಮರುವರ್ಷ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರಿಗೂ ಇದನ್ನೇ ಕೊಟ್ಟರು. ಇಲಿಗೆ ಹಾಕಿದ್ದು ದೊಡ್ಡವರ ಬಾಯಿಗೂ ಹೋಯಿತು ನೋಡಿ.

ಇವತ್ತು ನಮ್ಮ ಗೊಬ್ಬರದ ಅಂಗಡಿಗಳಲ್ಲಿ ಸಿಗುವ ಬ್ರೊಮಾಡಿಯೊಲೋನ್ ಇಲಿ ಕೇಕು ಇದೇ ವಂಶದ್ದು, ವಾರ್ಫರಿನ್‌ಗಿಂತ ಹೆಚ್ಚು ದಿನ ಮೈಯಲ್ಲಿ ಉಳಿಯುವಂಥದ್ದು. ಮಗು ಆಕಸ್ಮಾತ್ ತಿಂದರೆ ಮೊದಲ ಒಂದೆರಡು ದಿನ ಏನೂ ಆಗಿಲ್ಲದ ಹಾಗೆ ಆಟವಾಡಿಕೊಂಡಿರುತ್ತದೆ. ಅದಾಗಲೇ ಮೈಯಲ್ಲಿರುವ ಹೆಪ್ಪುಗಟ್ಟುವ ಅಂಶಗಳು ಖರ್ಚಾಗಲು ಅಷ್ಟು ಸಮಯ ಹಿಡಿಯುತ್ತದೆ. ಹಾಗಾಗಿ 'ಚೆನ್ನಾಗೇ ಇದ್ದಾನೆ' ಎಂದು ಕೂರದೆ, ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಹೋಗಬೇಕು. ಪ್ಯಾಕೆಟ್ ಯಾಕೆಂದರೆ, ಜಿಂಕ್ ಫಾಸ್ಫೈಡ್ ಪುಡಿ, ರಂಜಕದ ಪೇಸ್ಟು ಬೇರೆಯೇ ವಿಷಗಳು. ಅವಕ್ಕೆ ವಿಟಮಿನ್ ಕೆ ಮದ್ದಲ್ಲ.

ಈ ಔಷಧ ನಮ್ಮ ಹಳ್ಳಿಗಳನ್ನು ತಲುಪಿದ ದಾರಿ ಅಮೆರಿಕದ ಅಧ್ಯಕ್ಷರ ದಾರಿಯಲ್ಲ, ಬಡತನದ ದಾರಿ. ಚಿಕ್ಕ ಮಕ್ಕಳಿಗೆ ಗಂಟಲು ನೋವು, ಜ್ವರ ಬಂದು ಹೋಗುತ್ತದೆ. ಕೆಲವರಿಗೆ ಆಮೇಲೆ ಕೀಲುಗಳು ಊದಿಕೊಳ್ಳುತ್ತವೆ. ಅದು ರುಮ್ಯಾಟಿಕ್ ಜ್ವರ. ಚಿಕಿತ್ಸೆ ಆಗದೆ ಮರುಕಳಿಸಿದರೆ ಹೃದಯದ ವಾಲ್ವ್‌ಗಳು ಹಾಳಾಗುತ್ತವೆ, ಇಪ್ಪತ್ತು ಮೂವತ್ತರ ವಯಸ್ಸಿಗೆ ಏದುಸಿರು. ಇಕ್ಕಟ್ಟಿನ ಮನೆ, ದೂರದ ಆಸ್ಪತ್ರೆ ಇರುವ ಕಡೆ ಈ ರೋಗ ಹೆಚ್ಚು. ಹಾಳಾದ ವಾಲ್ವ್ ಬದಲಿಸಬೇಕೆಂದರೆ ಮೊದಲು ವಿದೇಶದಿಂದ ತರಿಸಬೇಕಿತ್ತು, ಬೆಲೆ ಕೈಗೆಟುಕುತ್ತಿರಲಿಲ್ಲ.

ಅದನ್ನು ಬದಲಿಸಿದವರು ಡಾ. ಎಂ.ಎಸ್. ವಲಿಯತ್ತಾನ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಅವರ ತಂಡ ಮಾಡಿದ ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್‌ನಲ್ಲಿ ಮೊದಲ ಚಿತ್ರಾ ವಾಲ್ವ್ ಅನ್ನು ರೋಗಿಯೊಬ್ಬರ ಎದೆಯಲ್ಲಿ ಕೂರಿಸಿದರು. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಯಾದರು, ಚರಕ ಸುಶ್ರುತರ ಮೇಲೆ ಪುಸ್ತಕ ಬರೆದರು, 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಲೋಹ, ಪ್ಲಾಸ್ಟಿಕ್‌ನ ವಾಲ್ವ್ ಎದೆಯೊಳಗೆ ಬಂದಿತೆಂದರೆ ರಕ್ತ ಅದನ್ನು ಹೊರಗಿನವನೆಂದು ಗುರುತು ಹಿಡಿದು ಅದರ ಮೇಲೆ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪು ಕಳಚಿ ಮಿದುಳಿಗೆ ಹೋದರೆ ಲಕ್ವ. ಅದಕ್ಕೇ ಜೀವನಪೂರ್ತಿ ಮಾತ್ರೆ. ನಮ್ಮಲ್ಲಿ ಹೆಚ್ಚಾಗಿ ಕೊಡುವುದು ವಾರ್ಫರಿನ್‌ನ ಅಣ್ಣತಮ್ಮನಾದ ಅಸೆನೊಕೌಮರಾಲ್. ಅಸಿಟ್ರೋಮ್ ಎಂದರೆ ಬೇಗ ಗುರುತು ಸಿಗಬಹುದು. ಅಂದರೆ, ಕಾರ್ಲ್‌ಸನ್‌ನ ಹಾಲಿನ ಕ್ಯಾನಿನಲ್ಲಿದ್ದ ವಿಷದ ಬಂಧು.

ಮಾತ್ರೆ ಕಮ್ಮಿಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ನಡುವಿನ ಬದು ತೀರಾ ಕಿರಿದು. ಅದಕ್ಕೇ ಐಎನ್‌ಆರ್ ರಕ್ತ ಪರೀಕ್ಷೆ. ಮಾತ್ರೆ ನುಂಗದವರಲ್ಲಿ ಅದು 1ರ ಆಸುಪಾಸು ಇರುತ್ತದೆ. ವಾಲ್ವ್ ಇರುವವರಿಗೆ ಯಾವ ಜಾಗದ ವಾಲ್ವ್ ಎಂಬುದರ ಮೇಲೆ 2ರಿಂದ 3, ಇಲ್ಲವೇ 2.5ರಿಂದ 3.5ರ ನಡುವೆ ಇರುವ ಹಾಗೆ ಡಾಕ್ಟರು ನೋಡಿಕೊಳ್ಳುತ್ತಾರೆ.

ಈಗ ಅಜ್ಜಿಯ ಸೊಪ್ಪಿಗೆ ಬರೋಣ. ಮಾತ್ರೆ ವಿಟಮಿನ್ ಕೆಯನ್ನು ತಡೆಯುತ್ತದೆ, ಸೊಪ್ಪು ವಿಟಮಿನ್ ಕೆ ಕೊಡುತ್ತದೆ. ಆದ್ದರಿಂದ ಸೊಪ್ಪು ತಿನ್ನಬೇಡಿ. ಕೇಳಲು ಸರಿಯಾಗೇ ಇದೆ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಹೆಚ್ಚೆಂದರೆ 100 ಮೈಕ್ರೋಗ್ರಾಂ ಆಸುಪಾಸು, 100 ಗ್ರಾಂ ಪಾಲಕ್‌ನಲ್ಲೇ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಇರುತ್ತದೆ. ಆದರೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಂಶೋಧಕರು 2005ರಲ್ಲಿ ಕಂಡದ್ದು ಉಲ್ಟಾ. ಐಎನ್‌ಆರ್ ನಿಲ್ಲದೆ ಮೇಲೆ ಕೆಳಗೆ ಕುಣಿಯುವ ರೋಗಿಗಳನ್ನೂ, ಸ್ಥಿರವಾಗಿದ್ದ ರೋಗಿಗಳನ್ನೂ ಹೋಲಿಸಿದರು. ಕುಣಿಯುತ್ತಿದ್ದವರೇ ವಿಟಮಿನ್ ಕೆ ಕಮ್ಮಿ ತಿನ್ನುತ್ತಿದ್ದವರು. 2007ರಲ್ಲಿ ಅಂಥವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ವಿಟಮಿನ್ ಕೆ ಕೊಟ್ಟು ನೋಡಿದರು, ಹಲವರ ಕುಣಿತ ಕಮ್ಮಿಯಾಯಿತು.

ಯಾಕೆ ಹೀಗೆ? ತುಂಬಿದ ಕೆರೆಗೆ ಎರಡು ಬಿಂದಿಗೆ ನೀರು ಸುರಿದರೆ ಗೊತ್ತಾಗುವುದಿಲ್ಲ. ಬತ್ತಿದ ಗುಂಡಿಗೆ ಸುರಿದರೆ ಮಟ್ಟ ಏರಿದ್ದು ಕಣ್ಣಿಗೆ ಕಾಣುತ್ತದೆ. ಸೊಪ್ಪು ಪೂರ್ತಿ ಬಿಟ್ಟವರ ಮೈ ಆ ಗುಂಡಿಯ ಹಾಗೆ. ನಂಟರ ಮನೆಯಲ್ಲಿ ಎರಡು ದಿನ ಮಸ್ಸೊಪ್ಪು ಉಂಡರೂ ಐಎನ್‌ಆರ್ ಕದಲುತ್ತದೆ. ಇವತ್ತಿನ ವೈದ್ಯಕೀಯ ಸಲಹೆ 'ಬಿಡಿ' ಎಂದಲ್ಲ, 'ಒಂದೇ ಅಳತೆಯಲ್ಲಿ ಇರಲಿ' ಎಂದು. ಮೂಲದಲ್ಲಿ ಎಷ್ಟೋ ಡಾಕ್ಟರುಗಳು ಹೇಳುವುದೂ ಇದನ್ನೇ ಇರಬೇಕು. ಓಪಿಡಿ ಸಾಲಿನಲ್ಲಿ ಎರಡು ನಿಮಿಷದಲ್ಲಿ ಹೇಳಿದ 'ಸೊಪ್ಪು ಜಾಸ್ತಿ ಕಮ್ಮಿ ಮಾಡಬೇಡಿ' ಅನ್ನುವುದು ಊರು ಸೇರುವಷ್ಟರಲ್ಲಿ 'ಸೊಪ್ಪು ಬೇಡ' ಆಗಿಬಿಡುತ್ತದೆ.

ನಮ್ಮ ಕಡೆ ಒಂದೇ ಅಳತೆ ಅನ್ನುವುದು ಸುಲಭವಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲೆಲ್ಲ ಬೆರಕೆ ಸೊಪ್ಪು, ಕಾಸಿಲ್ಲದೆ ಸಿಗುತ್ತದೆ, ವಾರದಲ್ಲಿ ನಾಲ್ಕು ದಿನ ಉಪ್ಸಾರು. ಬೇಸಿಗೆಯಲ್ಲಿ ಹುರುಳಿ ಸಾರೇ ಗತಿ. ಶುಂಠಿ ಹೊಲದ ಕೂಲಿಗೆ ವಯನಾಡಿಗೆ ಹೋದವರ ಊಟ ಇನ್ನೊಂದು ತರ. ಮಾರುಕಟ್ಟೆಯಲ್ಲಿ ಕೋಸಿನ ರೇಟು ಬಿದ್ದ ವಾರ ಎಲ್ಲರ ಮನೆಯಲ್ಲೂ ಕೋಸಿನ ಪಲ್ಯ. ಊಟ ಹೀಗೆ ಬದಲಾಗುವ ಹೊತ್ತಿಗೆ ಐಎನ್‌ಆರ್ ಒಮ್ಮೆ ನೋಡಿಸಿ, ಏನು ಬದಲಾಯಿತು ಎಂದು ಡಾಕ್ಟರಿಗೆ ಹೇಳಿದರೆ ಮಾತ್ರೆಯ ಅಳತೆಯನ್ನು ಅವರು ಹೊಂದಿಸುತ್ತಾರೆ. ಈಗ ಸೊಪ್ಪು ಬಿಟ್ಟಿರುವವರು ಈ ಲೇಖನ ಓದಿ ಇವತ್ತು ರಾತ್ರಿಯೇ ಶುರುಮಾಡಬೇಡಿ, ಕೇಳಿ ಶುರುಮಾಡಿ. ಮತ್ತೆ, ಈ ಸೊಪ್ಪಿನ ಲೆಕ್ಕ ವಾರ್ಫರಿನ್, ಅಸೆನೊಕೌಮರಾಲ್ ತರದವಕ್ಕೆ ಮಾತ್ರ. ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್ ಪ್ಲೇಟ್‌ಲೆಟ್ ಮಾತ್ರೆಗಳು, ಅವಕ್ಕೂ ಸೊಪ್ಪಿಗೂ ಸಂಬಂಧವಿಲ್ಲ. ಡಾಬಿಗಟ್ರಾನ್ ತರದ ಹೊಸ ಮಾತ್ರೆಗಳೂ ವಿಟಮಿನ್ ಕೆ ದಾರಿಯಲ್ಲಿ ಹೋಗುವುದಿಲ್ಲ. ಆದರೆ ಅದನ್ನು ಲೋಹದ ವಾಲ್ವ್ ಇರುವವರಲ್ಲಿ ಪ್ರಯೋಗಿಸಿದಾಗ ಹೆಪ್ಪೂ ರಕ್ತಸ್ರಾವವೂ ಎರಡೂ ಹೆಚ್ಚಾಗಿ 2012–13ರಲ್ಲಿ ನಿಲ್ಲಿಸಬೇಕಾಯಿತು. ಹಾಗಾಗಿ ವಾಲ್ವ್‌ನವರಿಗೆ ಹಳೇ ಮಾತ್ರೆಯೇ.

ಬೆಳ್ಳುಳ್ಳಿ, ಈರುಳ್ಳಿಯ ಕತೆಯಲ್ಲೂ ನ್ಯೂಕ್ಯಾಸಲ್ ಬರುತ್ತದೆ. ಫ್ರಾನ್ಸಿನಲ್ಲಿ ಕುದುರೆಯ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದರೆ ಬೆಳ್ಳುಳ್ಳಿ ಈರುಳ್ಳಿ ತಿನ್ನಿಸುತ್ತಾರೆ ಎಂದು ರೋಗಿಯೊಬ್ಬರು ಅಲ್ಲಿನ ಡಾಕ್ಟರಿಗೆ ಹೇಳಿದ್ದರು. ಅದನ್ನು ನಗದೆ ಕೇಳಿಸಿಕೊಂಡ ಮೆನನ್ ಮತ್ತು ಜೊತೆಗಾರರು ರೋಗಿಗಳಿಗೆ ಕೊಬ್ಬಿನ ತಿಂಡಿಯ ಜೊತೆ ಈರುಳ್ಳಿ ಕೊಟ್ಟು ಪರೀಕ್ಷಿಸಿ, ಹೆಪ್ಪು ಕರಗಿಸುವ ಶಕ್ತಿ ಹೆಚ್ಚುವುದನ್ನು 1968ರಲ್ಲಿ ವರದಿ ಮಾಡಿದರು.

ನನಗೆ ಇದಕ್ಕಿಂತ ಇಷ್ಟವಾದ ಅಧ್ಯಯನ ಪುಣೆಯದು. ಇದು 1979ರದು. ಅಲ್ಲಿನ ಸೈನಾನಿ ಮತ್ತು ತಂಡದವರು ಜೈನ ಸಮುದಾಯದವರನ್ನೇ ಆರಿಸಿಕೊಂಡರು. ನಮ್ಮ ಮಲೆಯೂರಿನ ಕನಕಗಿರಿಗೆ ಹೋದವರಿಗೆ ಗೊತ್ತು, ಜೈನರಲ್ಲಿ ಕಟ್ಟುನಿಟ್ಟಿನವರು ನೆಲದಡಿ ಬೆಳೆದದ್ದನ್ನು ಮುಟ್ಟುವುದಿಲ್ಲ. ಕೆಲವರು ಸ್ವಲ್ಪ ತಿನ್ನುತ್ತಾರೆ, ಕೆಲವರು ಎಲ್ಲರ ಹಾಗೆ. ಉಳಿದ ಊಟವೆಲ್ಲ ಹೆಚ್ಚೂಕಮ್ಮಿ ಒಂದೇ. ಹೋಲಿಸಲು ಇದಕ್ಕಿಂತ ಅನುಕೂಲ ಎಲ್ಲಿ ಸಿಗುತ್ತದೆ? ವಾರಕ್ಕೆ 50 ಗ್ರಾಂ ಬೆಳ್ಳುಳ್ಳಿ, 600 ಗ್ರಾಂ ಈರುಳ್ಳಿ ತಿನ್ನುವವರು ಒಂದು ಗುಂಪು, 10 ಗ್ರಾಂ ಮತ್ತು 200 ಗ್ರಾಂ ತಿನ್ನುವವರು ಇನ್ನೊಂದು, ಮುಟ್ಟದವರು ಮೂರನೆಯದು. ಮುಟ್ಟದವರ ರಕ್ತದಲ್ಲಿ ಬಲೆ ಹೆಣೆಯುವ ಫೈಬ್ರಿನೋಜೆನ್ ಹೆಚ್ಚಿತ್ತು, ಹೆಪ್ಪುಗಟ್ಟಲು ಹಿಡಿಯುವ ಸಮಯ ಕಮ್ಮಿ ಇತ್ತು. ಆ ಕಾರಣಕ್ಕೆ ಬೆಳ್ಳುಳ್ಳಿ ಬಿಟ್ಟವರಿಗೆ ಹೃದ್ರೋಗ ಬಂದೇ ಬರುತ್ತದೆ ಎಂದು ಇದರಿಂದ ಹೇಳಲಾಗದು. ಅಂಕಿ ಬದಲಾಗುವುದು ಬೇರೆ, ರೋಗ ಬರುವುದು ಬೇರೆ.

ಬೆಳ್ಳುಳ್ಳಿಯ ಯಾವ ವಸ್ತು ಪ್ಲೇಟ್‌ಲೆಟ್‌ಗಳನ್ನು ಅಂಟದ ಹಾಗೆ ಮಾಡುತ್ತದೆ ಎಂದು 1984ರಲ್ಲಿ ಎರಿಕ್ ಬ್ಲಾಕ್ ಮತ್ತು ತಂಡ ತೋರಿಸಿತು. ಅಹೋಯೀನ್ ಎಂದು ಹೆಸರಿಟ್ಟರು. ಸ್ಪ್ಯಾನಿಷ್‌ನಲ್ಲಿ ಬೆಳ್ಳುಳ್ಳಿಗೆ ಅಹೋ ಅನ್ನುತ್ತಾರೆ. ಇಡೀ ಎಸಳಿನಲ್ಲಿ ಅದು ಇರುವುದಿಲ್ಲ, ಜಜ್ಜಿದ ಮೇಲೆ ಎಸಳಿನೊಳಗಿನ ವಸ್ತುಗಳು ಒಂದಕ್ಕೊಂದು ಬೆರೆತು ಸರಣಿಯಾಗಿ ಹುಟ್ಟುತ್ತದೆ. ಹೆಚ್ಚು ಹೊತ್ತು ಬೇಯಿಸಿದರೆ ಆ ಶಕ್ತಿ ಕಳೆದುಹೋಗುತ್ತದೆ. ಇಡೀ ಎಸಳನ್ನು ಒಗ್ಗರಣೆಗೆ ಹಾಕಿ ಕೆಂಪಗೆ ಹುರಿದರೆ ಉಳಿಯುವುದು ರುಚಿ ಮತ್ತು ಘಮ. ಬೆಳಗ್ಗೆ ಖಾಲಿ ಹೊಟ್ಟೆಗೆ ಹಸಿ ಎಸಳು ಜಜ್ಜಿ ನುಂಗುವವರ ವಿಷಯ ಬೇರೆ. 1990ರಲ್ಲಿ ಅಮೆರಿಕದ ವೈದ್ಯರು 87 ವರ್ಷದ ಒಬ್ಬರ ಪ್ರಕರಣ ಬರೆದರು. ದಿನಕ್ಕೆ ಸುಮಾರು 4 ಎಸಳು ತಿನ್ನುತ್ತಿದ್ದವರು, ಬೆನ್ನುಹುರಿಯ ಪಕ್ಕ ತಾನಾಗಿಯೇ ರಕ್ತಸ್ರಾವವಾಗಿ ಕಾಲು ಸ್ವಾಧೀನ ತಪ್ಪಿತ್ತು. ಇದು ಅಪರೂಪದಲ್ಲಿ ಅಪರೂಪ. ಹೆದರುವ ಕಾರಣವಿಲ್ಲ. ಆದರೂ ಆಪರೇಷನ್‌ಗೆ ಮುಂಚೆ ಡಾಕ್ಟರಿಗೆ ಹೇಳಬೇಕಾದ ಪಟ್ಟಿಯಲ್ಲಿ ಹಸಿ ಬೆಳ್ಳುಳ್ಳಿಯೂ, ಬೆಳ್ಳುಳ್ಳಿ ಮಾತ್ರೆಯೂ ಇರಲಿ.

ಇನ್ನು ಅರಿಶಿನ. ಕೊಡಲಿ ತಾಗಿ ಕಾಲು ಕುಯ್ದುಕೊಂಡರೆ ಮೊದಲು ಓಡುವುದು ಅಡುಗೆಮನೆಗೆ. ಅರಿಶಿನ ತುಂಬಿ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. 1995ರ ಮಾರ್ಚ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಇಬ್ಬರು, ಹುಟ್ಟಿನಿಂದ ಭಾರತದವರೇ, ಗಾಯಕ್ಕೆ ಅರಿಶಿನ ಹಾಕುವ ಈ ವಿದ್ಯೆಗೆ ಪೇಟೆಂಟ್ ಪಡೆದುಬಿಟ್ಟರು. ಭಾರತದ ಸಿಎಸ್ಐಆರ್, ಆಗ ಮಾಶೇಲ್ಕರ್ ಅದರ ಮುಖ್ಯಸ್ಥರು, 32 ದಾಖಲೆಗಳನ್ನು ಒಟ್ಟುಮಾಡಿ ತಕರಾರು ಹಾಕಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಒಂದು ತಮಾಷೆ ಗಮನಿಸಿ: ಗಾಜಿನ ಕೊಳವೆಯಲ್ಲಿ ಪರೀಕ್ಷಿಸಿದರೆ ಅರಿಶಿನದ ಕರ್ಕುಮಿನ್ ಪ್ಲೇಟ್‌ಲೆಟ್‌ಗಳು ಅಂಟುವುದನ್ನು ತಡೆಯುತ್ತದೆ, ಅಂದರೆ ರಕ್ತ ನಿಲ್ಲಿಸುವುದಕ್ಕೆ ವಿರುದ್ಧ. ಗಾಯದಲ್ಲಿ ರಕ್ತ ನಿಲ್ಲುವುದು ಹೆಚ್ಚಾಗಿ ಒತ್ತಿ ಹಿಡಿದ ಕೈಯಿಂದ ಎಂದೇ ನನ್ನ ಅನಿಸಿಕೆ. ಅರಿಶಿನದ ಉಪಕಾರ ಆಮೇಲೆ, ಗಾಯ ಮಾಯುವಾಗ.

ತಿನ್ನುವ ಅರಿಶಿನದಿಂದ ರಕ್ತಕ್ಕೆ ಏನಾದರೂ ಆಗುತ್ತದಾ? ಅಡುಗೆಯಲ್ಲಿ ಒಬ್ಬರಿಗೆ ದಿನಕ್ಕೆ 2 ಗ್ರಾಂ ಅರಿಶಿನ ಬಿದ್ದರೂ ಅದರಲ್ಲಿ ಕರ್ಕುಮಿನ್ 60 ಮಿಲಿಗ್ರಾಂ ಆಸುಪಾಸು. ಅದರಲ್ಲೂ ರಕ್ತ ಸೇರುವುದು ತೀರಾ ಸ್ವಲ್ಪ, ಲಿವರ್ ಅದನ್ನು ಬೇಗ ಹೊರಗೆ ಹಾಕುತ್ತದೆ. ಇದನ್ನು ಅಳೆದು ತೋರಿಸಿದ್ದು ಬೆಂಗಳೂರಿನಲ್ಲೇ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ ಆರೋಗ್ಯವಂತರಿಗೆ 2 ಗ್ರಾಂ ಶುದ್ಧ ಕರ್ಕುಮಿನ್ ಕೊಟ್ಟಾಗಲೂ ರಕ್ತದಲ್ಲಿ ಅದು ಸಿಕ್ಕಿತು ಅನ್ನುವುದೇ ಕಷ್ಟವಾಗಿತ್ತು. ಅದರ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಸೇರಿಸಿದರು. ಮೈ ಹೀರಿಕೊಂಡದ್ದು ಶೇ. 2000ರಷ್ಟು ಹೆಚ್ಚಿತು. ಔಷಧ ಕಂಪನಿಗಳು ಈ ಅಂಕಿಯನ್ನು ಬಿಡುತ್ತವೆಯೇ? ಇವತ್ತು ಜಗತ್ತಿನಾದ್ಯಂತ ಮಾರುವ ಅರಿಶಿನ ಕ್ಯಾಪ್ಸೂಲ್‌ಗಳಲ್ಲಿ ಮೆಣಸಿನ ಸಾರ ಕಾಣಿಸಿಕೊಳ್ಳುವುದಕ್ಕೆ ಬೆಂಗಳೂರಿನ ಈ ಅಧ್ಯಯನವೇ ಮುಖ್ಯ ಕಾರಣ.

ಉಪ್ಸಾರಿನ ಖಾರದಲ್ಲೂ ಮೆಣಸಿದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಸಾರಿನಲ್ಲಿರುವ ಅರಿಶಿನ ಚಿಟಿಕೆ, ಕ್ಯಾಪ್ಸೂಲ್‌ನಲ್ಲಿರುವುದು ಎಷ್ಟೋ ದಿನದ ಸಾರು. 2018ರ ಏಪ್ರಿಲ್‌ನಲ್ಲಿ ನ್ಯೂಜಿಲೆಂಡಿನ ಔಷಧ ಸುರಕ್ಷತಾ ಸಂಸ್ಥೆ ಒಂದು ಎಚ್ಚರಿಕೆ ಹೊರಡಿಸಿತು. ವಾರ್ಫರಿನ್ ಮೇಲೆ ಐಎನ್‌ಆರ್ ಸ್ಥಿರವಾಗಿದ್ದ ರೋಗಿಯೊಬ್ಬರು ಅರಿಶಿನದ ಒಂದು ತಯಾರಿಕೆ ತೆಗೆದುಕೊಳ್ಳಲು ಶುರುಮಾಡಿದ ಕೆಲವೇ ವಾರಗಳಲ್ಲಿ ಅವರ ಐಎನ್‌ಆರ್ 10 ದಾಟಿತ್ತು. 3ರ ಆಸುಪಾಸು ಇರಬೇಕಾದದ್ದು.

ಕೊರೊನಾ ನಂತರ ಇಂಥ ಡಬ್ಬಿಗಳು ನಮ್ಮ ಮೆಡಿಕಲ್ ಸ್ಟೋರುಗಳಿಗೂ, ಫೋನಿನ ಜಾಹೀರಾತಿಗೂ ಬಂದಿವೆ. ಮಂಡಿನೋವಿಗೆಂದು ಮಕ್ಕಳು ಆನ್‌ಲೈನ್‌ನಲ್ಲಿ ತರಿಸಿ ಅಪ್ಪ ಅಮ್ಮನಿಗೆ ಕಳಿಸುತ್ತಾರೆ. ಮನೆಯಲ್ಲಿ ಅಸಿಟ್ರೋಮ್ ಅಥವಾ ವಾರ್ಫರಿನ್ ನುಂಗುವವರಿದ್ದರೆ ಡಬ್ಬಿಯ ಹಿಂಬದಿ ತಿರುಗಿಸಿ. ಸಣ್ಣಕ್ಷರದಲ್ಲಿ ಕರ್ಕುಮಿನ್ ಎಷ್ಟು ಮಿಲಿಗ್ರಾಂ, ಪಕ್ಕದಲ್ಲಿ ಪೈಪರಿನ್ ಇದೆಯೇ ಎಂದು ಬರೆದಿರುತ್ತದೆ. ಮುಂದಿನ ಸಲ ಐಎನ್‌ಆರ್ ಪುಸ್ತಕ ಹಿಡಿದು ಹೋಗುವಾಗ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ, ಡಾಕ್ಟರು ನೋಡುವವರೆಗೆ ಒಂದೂ ನುಂಗಬೇಡಿ.